ಬ್ಲೇಡಿನಲ್ಲಿ ಕೊಯ್ದ ಕಾಗದ

ಪ್ರಶ್ನೆ: ನನಗೆ 60 ವರ್ಷ. ಬಸವನಗುಡಿಯಲ್ಲಿ ಮನೆ. 37 ವರ್ಷ ಸಂಸಾರ ಮಾಡಿ, ಹತ್ತು ತಿಂಗಳ ಹಿಂದೆ ನಮ್ಮ ಯಜಮಾನರು ತೀರಿಕೊಂಡರು. ಬ್ಯಾಂಕಿನ ಕಾಗದ ಹುಡುಕುವಾಗ ಬೀರುವಿನಲ್ಲಿದ್ದ ಬಿಸ್ಕತ್ತು ಡಬ್ಬಿಯಲ್ಲಿ, ಪಾಸ್‌ಬುಕ್ಕುಗಳ ಕೆಳಗೆ, ಹದಿನಾಲ್ಕು ಇನ್‌ಲ್ಯಾಂಡ್ ಲೆಟರ್ ಸಿಕ್ಕವು. ಧಾರವಾಡದ ಒಬ್ಬ ಹುಡುಗಿ ಬರೆದದ್ದು, ನಮ್ಮ ಮದುವೆಗೆ ಎರಡು ವರ್ಷ ಮುಂಚಿನವು. ನಾದಿನಿಯನ್ನು ಕೇಳಿದರೆ, ‘ನಮಗೆಲ್ಲ ಗೊತ್ತಿತ್ತು ಬಿಡಿ ಅತ್ತಿಗೆ, ಜಾತಿ ಬೇರೆ ಅಂತ ಅಮ್ಮ ಒಪ್ಪಲಿಲ್ಲ’ ಎಂದಳು. ಬೇರೆ ಕಾಗದಗಳನ್ನೆಲ್ಲ ಬೆರಳಲ್ಲೇ ಪರಪರ ಹರಿದು ಬಿಡಿಸುತ್ತಿದ್ದವರು ಇವನ್ನು ಮಾತ್ರ ಬ್ಲೇಡಿನಲ್ಲಿ ನೀಟಾಗಿ ಕೊಯ್ದಿದ್ದಾರೆ. ಅವತ್ತಿನಿಂದ ಅಳು ಬರುತ್ತಿಲ್ಲ. ರಾತ್ರಿ ಮೂರಕ್ಕೇ ಎಚ್ಚರವಾಗುತ್ತದೆ. ಡಬ್ಬಿಯನ್ನು ಮತ್ತೆ ತೆಗೆದಿಲ್ಲ. ಮಗಳು ಸುಟ್ಟುಬಿಡು ಅನ್ನುತ್ತಾಳೆ. ನನಗೆ ಧಾರವಾಡಕ್ಕೆ ಹೋಗಿ ಆಕೆಯನ್ನು ಒಮ್ಮೆ ನೋಡಬೇಕು ಅನಿಸುತ್ತದೆ. ಕಾಲೇಜಿನಲ್ಲಿದ್ದಾಗ ನನಗೂ ಒಬ್ಬರು ಇಷ್ಟವಾಗಿದ್ದರು, ಅದು ಬೇರೆ ವಿಷಯ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಇನ್‌ಲ್ಯಾಂಡ್ ಲೆಟರಿನ ಮಡಿಕೆಯ ಅಂಚಿನಲ್ಲೂ ಒತ್ತೊತ್ತಾಗಿ ಬರೆಯುತ್ತಿದ್ದ ಕಾಲ ಅದು. ಬೆರಳಲ್ಲಿ ಹರಿದರೆ ಎರಡು ಸಾಲು ಹೋಗೇಬಿಡುತ್ತಿತ್ತು, ಅದಕ್ಕೇ ಬ್ಲೇಡು ಅಂತ ನಿಮಗೆ ಸುಮ್ನೆ ಸಮಾಧಾನ ಹೇಳಬಹುದು. ಆದರೆ ಆ ಎರಡು ಸಾಲೂ ಬೇಕು ಅನಿಸಿದ್ದಕ್ಕೇ ಅಲ್ವಾ ಬ್ಲೇಡು ಹುಡುಕಿದ್ದು? ನಿಮ್ಮ ಯಜಮಾನರು ಆ ಹುಡುಗಿಯನ್ನು ಪ್ರೀತಿಸಿದ್ದರು. ಇದನ್ನು ನಾನು ಮುಚ್ಚಿಡುವುದಿಲ್ಲ, ನಿಮ್ಮ ವಿಷಯದಲ್ಲಿ ಮುಚ್ಚಿಟ್ಟವರು ಈಗಾಗಲೇ ಜಾಸ್ತಿ ಇದ್ದಾರೆ.

ನಿಮ್ಮ ನೋವು ಪ್ರೀತಿಯದ್ದಕ್ಕಿಂತ ಈ ಮುಚ್ಚಿಟ್ಟದ್ದರದ್ದು ಅಂತ ನನಗನಿಸುತ್ತದೆ. ಹೊಸ ಸೊಸೆಯಾಗಿ ಕಾಫಿ ಲೋಟ ಹಿಡಿದು ನೀವು ನಡುಮನೆಗೆ ಬಂದಾಗ, ಅಲ್ಲಿ ಕೂತವರಿಗೆಲ್ಲ ಗೊತ್ತಿದ್ದದ್ದು ನಿಮಗೊಬ್ಬರಿಗೆ ಗೊತ್ತಿರಲಿಲ್ಲ. ಸಿಟ್ಟು ಬರಬೇಕಾದದ್ದೇ. ಹಾರ ಹಾಕಿದ ಫೋಟೋ ಜೊತೆ ಜಗಳವಾಡುವುದು ಹೇಗೆ ಅಂತ ನುಂಗಿಕೊಂಡಿದ್ದೀರಿ, ಅಳು ಅದರ ಹಿಂದೆ ಸಿಕ್ಕಿಕೊಂಡಿದೆ. ಆಡಿ ಜಗಳ. ಮನೆಯಲ್ಲಿ ಯಾರೂ ಇಲ್ಲದಾಗ ಗಟ್ಟಿಯಾಗಿಯೇ ಬೈಯಿರಿ.

ನಿಮ್ಮದು ಕಾದಂಬರಿಯಾಗಿದ್ದರೆ ಕೊನೆಯ ಅಧ್ಯಾಯದಲ್ಲಿ ನೀವು ಮೆಜೆಸ್ಟಿಕ್‌ನಲ್ಲಿ ರಾತ್ರಿ ರೈಲು ಹತ್ತುತ್ತಿದ್ದಿರಿ. ಬೆಳಿಗ್ಗೆ ಇಬ್ಬರು ಅಜ್ಜಿಯರು ಕೈಕೈ ಹಿಡಿದು ಅಳುತ್ತಿದ್ದರು. ಓದಲು ನನಗೂ ಇಷ್ಟವೇ. ಆದರೆ ನಿಜವಾಗಿ ಬಾಗಿಲು ತೆಗೆಯುವವರು ಯಾರು? ಆಕೆಯ ಗಂಡ ಇರಬಹುದು, ಸೊಸೆ ಇರಬಹುದು. ‘ಯಾರು ಬೇಕಿತ್ತು?’ ಅಂದರೆ ಏನು ಹೇಳುತ್ತೀರಿ? ಇಪ್ಪತ್ತರ ಆಸುಪಾಸಿನಲ್ಲಿ ಬರೆದ ಹದಿನಾಲ್ಕು ಕಾಗದಕ್ಕೆ ಆಕೆ ಈ ವಯಸ್ಸಿನಲ್ಲಿ ಮನೆಯವರ ಮುಂದೆ ಜವಾಬು ಕೊಡಬೇಕೇ? ಹೋಗಬೇಡಿ. ಈ ಗುಟ್ಟು ಆಕೆಯದೂ ಹೌದು.

‘ಅದು ಬೇರೆ ವಿಷಯ’ ಅಂದಿರಲ್ಲ, ಬೇರೆ ಅಲ್ಲ. ಇಷ್ಟು ವರ್ಷವೂ ನೀವು ಅವರ ಬಗ್ಗೆ ಯಜಮಾನರಿಗೆ ಹೇಳಿದ್ದಿರಾ? ಇಲ್ಲ ಅಂದುಕೊಳ್ಳುತ್ತೇನೆ. ಮೋಸ ಮಾಡಬೇಕು ಅಂತ ಹೇಳದೆ ಉಳಿದಿರಾ, ಅಥವಾ ಹೇಳುವ ಸಂದರ್ಭವೇ ಬರಲಿಲ್ಲವಾ? ನಿಮ್ಮ ಕಾರಣ ಏನೋ, ಅವರದ್ದೂ ಅದೇ ಇದ್ದಿರಬಹುದು. ಖಾತ್ರಿ ಕೊಡಲಾರೆ.

ಕಾಗದ ಸುಡುವ ಮಾತು ಈಗ ಬೇಡ. ವರ್ಷದ ಕಾರ್ಯ ಮುಗಿಯಲಿ. ಆದರೆ ಡಬ್ಬಿ ಮುಚ್ಚಿಟ್ಟರೆ ಪಾಸ್‌ಬುಕ್ಕೂ ಅದರೊಳಗೇ ಉಳಿಯುತ್ತದಲ್ಲ! ಮಗಳ ಕೈಯಲ್ಲಿ ಬ್ಯಾಂಕಿನ ಕಾಗದಗಳನ್ನಷ್ಟೇ ತೆಗೆಸಿ. ನೀವೇ ನಾಮಿನಿಯಾಗಿದ್ದರೆ ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ಚೀಟಿ ಕೊಟ್ಟ 15 ದಿನದೊಳಗೆ ಬ್ಯಾಂಕು ದುಡ್ಡು ಕೊಡಬೇಕು, ರಿಸರ್ವ್ ಬ್ಯಾಂಕಿನ ನಿಯಮವಿದೆ. ನಾಮಿನಿ ಅಂದರೆ ದುಡ್ಡು ಇಸಿದುಕೊಳ್ಳುವವರು, ಪೂರ್ತಿ ಒಡೆಯರಲ್ಲ. ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮಗೂ ಮಕ್ಕಳಿಗೂ, ಅತ್ತೆ ಇದ್ದರೆ ಅವರಿಗೂ ಸಮಪಾಲು.

ಮೂರು ಗಂಟೆಗೆ ಎಚ್ಚರವಾಗಿ ಎದೆ ಭಾರವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೀಗೇ ಮುಂದುವರಿದರೆ ನಿಮ್ಹಾನ್ಸ್ ನಿಮ್ಮ ಮನೆಯಿಂದ ದೂರವೇನಲ್ಲ.

ಉಳಿದದ್ದು ನಾದಿನಿ. ಒಂದು ಸಂಜೆ ಮನೆಗೆ ಕರೆಯಿರಿ. ‘ಬಿಡಿ ಅತ್ತಿಗೆ’ ಅಂದರೆ ಬಿಡಬೇಡಿ. ಅತ್ತೆ ಏನಂದರು, ಇವರು ಎಷ್ಟು ದಿನ ಊಟ ಬಿಟ್ಟರು, ನಿಮ್ಮನ್ನು ನೋಡಲು ಬಂದ ದಿನ ಮನಸ್ಸಿಟ್ಟು ಬಂದಿದ್ದರಾ ಅಥವಾ ಎಳೆದುಕೊಂಡು ಬಂದರಾ, ಎಲ್ಲ ಕೇಳಿ. ಕೇಳಿಸಿಕೊಳ್ಳುವುದು ಕಷ್ಟವಾಗಬಹುದು. ಆದರೂ ನಿಮಗೆ ಉತ್ತರ ಕೊಡಬೇಕಾದವರು ಧಾರವಾಡದಲ್ಲಿಲ್ಲ.