ಅನಾನಸ್ ಪಿಜ್ಜಾದ ತಳ ಒದ್ದೆಯಾಗದಂತೆ, ಸಿಹಿ ಮತ್ತು ಖಾರ ಒಂದಾಗುವಂತೆ ಮಾಡುವುದು ಹೇಗೆ?

ನೀವು ಹೇಳಿಕೊಂಡಿರುವ ತೊಂದರೆ ಎರಡು. ಮನೆಯ ಓವನ್‌ನಲ್ಲಿ ಅನಾನಸ್ ಪಿಜ್ಜಾ ಮಾಡಿದರೆ ತಳ ಒದ್ದೆಯಾಗುತ್ತದೆ. ತಿನ್ನುವಾಗ ಸಿಹಿ ಒಂದು ಕಡೆ, ಖಾರ ಇನ್ನೊಂದು ಕಡೆ ಉಳಿದುಬಿಡುತ್ತದೆ. ಹಣ್ಣಿನ ನೀರನ್ನು ಓವನ್‌ಗೆ ಹೋಗುವ ಮೊದಲೇ ಬಾಣಲೆಯಲ್ಲಿ ಹಿಂಗಿಸಿ. ಇಡೀ ಪಿಜ್ಜಾದಲ್ಲಿ ಸಿಹಿ ಒಂದೇ ಪದಾರ್ಥದಿಂದ ಬರಲಿ. ಇವೆರಡನ್ನು ಪಾಲಿಸಿದರೆ ಉಳಿದದ್ದು ಸುಲಭ.

ಮೊದಲು ನೀರಿನ ವಿಷಯ. ನೇಪಲ್ಸ್‌ನ ಸೌದೆ ಒಲೆಯ ಬಿಸಿ 430 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೆಂದು ಹೊರಬರುತ್ತದೆ. ಅಷ್ಟು ಹೊತ್ತಿನಲ್ಲಿ ಹಣ್ಣು ನೀರು ಬಿಡುವುದಕ್ಕೇ ಸಮಯವಿಲ್ಲ. ನಮ್ಮ ಮನೆಗಳ ಒಟಿಜಿ (ಸಣ್ಣ ವಿದ್ಯುತ್ ಓವನ್) 250 ಡಿಗ್ರಿಗೆ ನಿಂತುಬಿಡುತ್ತದೆ, ಪಿಜ್ಜಾ ಹತ್ತು ಹನ್ನೆರಡು ನಿಮಿಷ ಒಳಗಿರಬೇಕಾಗುತ್ತದೆ. ಅನಾನಸ್‌ನ ತೂಕದಲ್ಲಿ ಶೇಕಡ 86ರಷ್ಟು ನೀರೇ. ಹತ್ತು ನಿಮಿಷದಲ್ಲಿ ಅದು ನಿಧಾನವಾಗಿ ಬೆಂದು, ರಸ ಬಿಟ್ಟು, ಹಿಟ್ಟಿನೊಳಗೆ ಇಳಿಯುತ್ತದೆ. ಹೋಟೆಲಿನ ಪಿಜ್ಜಾದಲ್ಲಿ ಕಾಣದ ತೊಂದರೆ ಮನೆಯಲ್ಲಿ ಕಾಣುವುದು ಇದಕ್ಕೇ.

ಹಸಿ ಅನಾನಸ್‌ಗೆ ಇನ್ನೊಂದು ಗುಣವಿದೆ. ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಹಸಿ ಹೋಳುಗಳನ್ನು ಚೀಸ್ ಮೇಲೆ ಹರಡಿ ಸ್ವಲ್ಪ ಹೊತ್ತು ಇಟ್ಟರೆ ಕಹಿ ಬರಬಹುದು. ಅನಾನಸ್ ರಾಯತ ಮಾಡುವವರು ಹಣ್ಣನ್ನು ಬೇಯಿಸಿ ಆರಿಸಿದ ಮೇಲೆ ಮೊಸರಿಗೆ ಸೇರಿಸುವುದು ಸುಮ್ಮನೆ ಅಲ್ಲ. ಕಾವು ತಾಗಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಡಬ್ಬಿಯ ಅನಾನಸ್ ಆಗಲೇ ಬೆಂದಿರುವುದರಿಂದ ಅದಕ್ಕೆ ಈ ಸಮಸ್ಯೆ ಇಲ್ಲ. 1962ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದ ಚಾಟಮ್ ಊರಿನ ತನ್ನ ಹೋಟೆಲಿನಲ್ಲಿ ಸ್ಯಾಮ್ ಪನೊಪೌಲೋಸ್ ಎಂಬ ಗ್ರೀಕ್ ಮೂಲದ ವ್ಯಕ್ತಿ ಮೊದಲ ಬಾರಿಗೆ ಪಿಜ್ಜಾ ಮೇಲೆ ಹಾಕಿದ್ದು ಈ ಡಬ್ಬಿಯ ಹಣ್ಣನ್ನೇ. ಜಗತ್ತು ಇಂದಿಗೂ ಜಗಳವಾಡುವ ಈ ‘ಹವಾಯಿಯನ್’ ಪಿಜ್ಜಾಕ್ಕೂ ಹವಾಯಿ ದ್ವೀಪಕ್ಕೂ ನೇರ ನಂಟಿಲ್ಲ. ಆ ಹೆಸರು ಹಣ್ಣಿನ ಡಬ್ಬಿಯ ಬ್ರ್ಯಾಂಡ್ ಹೆಸರಿನಿಂದ ಬಂದದ್ದು. ಐಸ್‌ಲ್ಯಾಂಡಿನ ಆಗಿನ ಅಧ್ಯಕ್ಷರು ತಮಗೆ ಅಧಿಕಾರವಿದ್ದರೆ ಪಿಜ್ಜಾ ಮೇಲೆ ಅನಾನಸ್ ನಿಷೇಧಿಸುತ್ತಿದ್ದೆ ಎಂದು 2017ರಲ್ಲಿ ಶಾಲಾ ಮಕ್ಕಳೆದುರು ಹೇಳಿ ದೊಡ್ಡ ಸುದ್ದಿಯಾಗಿದ್ದರು. ನಾನು ಪನೊಪೌಲೋಸ್ ಪಕ್ಷ. ಅನಾನಸ್ ಮೆಣಸ್ಕಾಯಿ ಉಂಡು ಬೆಳೆದ ನಾಲಗೆಗೆ ಹಣ್ಣಿನ ಜೊತೆ ಉಪ್ಪು, ಖಾರ ಹೊಸತಾಗಲು ಸಾಧ್ಯವೇ ಇಲ್ಲ.

ಆ ಮೆಣಸ್ಕಾಯಿಯೇ ನಿಮ್ಮ ಎರಡನೆಯ ತೊಂದರೆಗೂ ದಾರಿ ತೋರಿಸುತ್ತದೆ. ಅದರಲ್ಲಿ ಹಣ್ಣಿನ ಸಿಹಿಯನ್ನು ಹುಣಸೆಯ ಹುಳಿ, ಉಪ್ಪು, ಒಣಮೆಣಸಿನ ಖಾರ ಮೂರೂ ಸೇರಿ ಹಿಡಿದು ನಿಲ್ಲಿಸುತ್ತವೆ. ಬೆಲ್ಲವೂ ಇದೆ ನಿಜ, ಆದರೆ ಅದಕ್ಕೆ ತಕ್ಕ ಹುಳಿಯೂ ಇದೆ. ಪಿಜ್ಜಾದಲ್ಲಿ ಹುಳಿ ಬರಬೇಕಾದದ್ದು ಟೊಮೆಟೊ ಸಾಸ್‌ನಿಂದ. ಅಂಗಡಿಯ ಪಿಜ್ಜಾ ಸಾಸ್ ಬಾಟಲಿಯ ಮೇಲಿನ ಸಾಮಗ್ರಿಗಳ ಪಟ್ಟಿ ಓದಿ. ಹೆಚ್ಚಿನವುಗಳಲ್ಲಿ ಸಕ್ಕರೆ ಇರುತ್ತದೆ, ಕೆಚಪ್‌ನಲ್ಲಂತೂ ಬಹಳ. ಸಿಹಿ ಸಾಸ್ ಮೇಲೆ ಸಿಹಿ ಹಣ್ಣು ಕೂತರೆ ಖಾರ ಒಂಟಿಯಾಗುತ್ತದೆ. ಹಣ್ಣು ಹಾಕುವ ದಿನ ಸಾಸ್ ಮನೆಯಲ್ಲೇ ಮಾಡಿ: ನಾಲ್ಕು ಹುಳಿ ನಾಟಿ ಟೊಮೆಟೊ, ಎರಡು ಎಸಳು ಬೆಳ್ಳುಳ್ಳಿ, ಉಪ್ಪು, ಒಂದು ಚಮಚ ಎಣ್ಣೆ. ಸೌಟು ಎಳೆದರೆ ಬಾಣಲೆಯ ತಳ ಕಾಣುವಷ್ಟು ಗಟ್ಟಿಯಾಗಬೇಕು. ಸಕ್ಕರೆ ಬೇಡವೇ ಬೇಡ. ಹತ್ತು ಅಂಗುಲದ ಪಿಜ್ಜಾಕ್ಕೆ ಮೂರು ದೊಡ್ಡ ಚಮಚ ಸಾಕು.

ಹಿಟ್ಟಿಗೆ 300 ಗ್ರಾಂ ಮೈದಾ, 190 ಮಿಲಿಲೀಟರ್ ನೀರು, 6 ಗ್ರಾಂ ಉಪ್ಪು, 1 ಗ್ರಾಂ ಇನ್‌ಸ್ಟಂಟ್ ಯೀಸ್ಟ್ (ಚಹಾ ಚಮಚದ ಮೂರನೇ ಒಂದು ಭಾಗ), ಎರಡು ಚಮಚ ಎಣ್ಣೆ. ಹತ್ತು ಅಂಗುಲದ ಎರಡು ಪಿಜ್ಜಾ ಆಗುತ್ತವೆ. ನಯವಾಗುವವರೆಗೆ ನಾದಿ, ಒಂದು ಗಂಟೆ ಹೊರಗಿಟ್ಟು, ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಫ್ರಿಜ್‌ನಲ್ಲಿ ಇಡಿ. ಅಷ್ಟು ಹೊತ್ತಿನಲ್ಲಿ ಹಿಟ್ಟಿನ ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗಿ ಒಡೆಯುವುದರಿಂದ ಬೇರೆ ಸಕ್ಕರೆ ಹಾಕದೆಯೂ ಅಂಚು ಚೆನ್ನಾಗಿ ಕೆಂಪಾಗುತ್ತದೆ. ಬೇಯಿಸುವ ಎರಡು ಗಂಟೆ ಮೊದಲು ಹೊರತೆಗೆದು ಎರಡು ಉಂಡೆ ಮಾಡಿಡಿ. ಲಟ್ಟಣಿಗೆ ಬಳಸದೆ ಬೆರಳಿನಿಂದ ತಟ್ಟಿ ಅಗಲಿಸಿ. ಒತ್ತಿ ಲಟ್ಟಿಸಿದರೆ ಒಳಗಿನ ಗಾಳಿಯೆಲ್ಲ ಹೋಗಿ ತಳ ಗಟ್ಟಿಯಾಗುತ್ತದೆ.

ಈಗ ಹಣ್ಣು. ಅನಾನಸ್ಸನ್ನು ಕಿರುಬೆರಳಿನ ದಪ್ಪಕ್ಕೆ ಹೆಚ್ಚಿ, ಚಿಟಿಕೆ ಉಪ್ಪು ಬೆರೆಸಿ ಹದಿನೈದು ನಿಮಿಷ ಜರಡಿಯಲ್ಲಿ ಇಡಿ. ಇಳಿದ ರಸವನ್ನು ಕುಡಿದುಬಿಡಿ, ಪಿಜ್ಜಾಕ್ಕೆ ಅದು ಬೇಡ. ನಂತರ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆಯಿಲ್ಲದೆ ಹೋಳುಗಳನ್ನು ಒಂದೇ ಪದರದಲ್ಲಿ ಹರಡಿ, ಎರಡೂ ಬದಿ ಕಂದು ಕಲೆ ಮೂಡುವವರೆಗೆ ಬಿಡಿ. ಅವಸರಪಟ್ಟು ಕೈಯಾಡಿಸಬೇಡಿ. ನೀರು ಹಿಂಗಿದಂತೆ ಹಣ್ಣಿನ ಸಕ್ಕರೆ ಕರಗಿ ಕಂದಾಗುತ್ತದೆ, ಬರಿಯ ಸಿಹಿಯ ಜೊತೆಗೆ ತುಸು ಕಹಿಯೂ ಸೇರುತ್ತದೆ. ಚೀಸ್ ಮತ್ತು ಖಾರದ ಜೊತೆ ಹೊಂದಿಕೊಳ್ಳುವುದು ಆ ಕಂದು ಬಣ್ಣದ ರುಚಿಯೇ. ಇಳಿಸುವ ಮುನ್ನ ಕಾಳುಮೆಣಸಿನ ಪುಡಿ ಉದುರಿಸಿ.

ಮೊಸರೆಲ್ಲಾ ಸಪ್ಪೆ ಚೀಸ್. ಸಿಹಿ ಹಣ್ಣಿಗೆ ಎದುರಾಗಿ ನಿಲ್ಲುವಷ್ಟು ಉಪ್ಪು ಅದರಲ್ಲಿಲ್ಲ. ಒಂದು ಪಿಜ್ಜಾಕ್ಕೆ 90 ಗ್ರಾಂ ಮೊಸರೆಲ್ಲಾ ಜೊತೆ 20 ಗ್ರಾಂ ಏಜ್ಡ್ (ಬಹುಕಾಲ ಹದಗೊಳಿಸಿದ) ಚೆಡ್ಡರ್ ಚೀಸ್ ತುರಿದು ಬೆರೆಸಿ. ಪಾರ್ಮೆಸಾನ್ ಇನ್ನೂ ಚೆನ್ನ, ಆದರೆ ಅಸಲಿ ಪಾರ್ಮೆಸಾನ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಗಟ್ಟಿಗೊಳಿಸುವ ರೆನೆಟ್ ಬಳಸುತ್ತಾರೆ. ನಿಮ್ಮ ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಕೊಳ್ಳಿ. ಸಾಸ್ ಮೇಲೆ ಮೊದಲು ಚೀಸ್, ಅದರ ಮೇಲೆ ಈರುಳ್ಳಿ, ಸೀಳಿದ ಹಸಿಮೆಣಸಿನಕಾಯಿ, ಕೊನೆಗೆ ಹಣ್ಣು. ಹಣ್ಣು ಮೇಲಿದ್ದರೆ ಉಳಿದ ತೇವವೂ ಆರುತ್ತದೆ, ಕೆಳಗಿನ ಚೀಸ್ ತಳವನ್ನು ಕಾಯುತ್ತದೆ. ಟ್ರೇಯನ್ನು ಒಳಗೇ ಇಟ್ಟು ಓವನ್ನನ್ನು ಅರ್ಧ ಗಂಟೆ 250 ಡಿಗ್ರಿಗೆ ಕಾಯಿಸಿ, ಕಾದ ಟ್ರೇ ಮೇಲೆ ಪಿಜ್ಜಾ ಜಾರಿಸಿ. ತಣ್ಣನೆಯ ಟ್ರೇ ಮೇಲಿಟ್ಟು ಒಳಗೆ ತಳ್ಳಿದರೆ ಇಷ್ಟೆಲ್ಲ ಶ್ರಮವೂ ವ್ಯರ್ಥ.

ಅನಾನಸ್ ಒಂದೇ ಹಣ್ಣೆಂದು ತಿಳಿಯಬೇಡಿ. ರೋಮ್‌ನಲ್ಲಿ ಸಾಸ್ ಇಲ್ಲದ ಬಿಳಿ ಪಿಜ್ಜಾದೊಳಗೆ ಅಂಜೂರ ಮತ್ತು ಉಪ್ಪಿನಲ್ಲಿ ಹದಗೊಳಿಸಿದ ಹಂದಿಮಾಂಸ ಇಟ್ಟು ತಿನ್ನುತ್ತಾರೆ. ಟಸ್ಕನಿಯಲ್ಲಿ ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಕಪ್ಪು ದ್ರಾಕ್ಷಿಯನ್ನು ರೊಟ್ಟಿಯ ಹಿಟ್ಟಿನೊಳಗೆ ತುಂಬಿ ಬೇಯಿಸುವ ಪದ್ಧತಿ ಇದೆ. ಸ್ವೀಡನ್ನಿನಲ್ಲಿ ಬಾಳೆಹಣ್ಣು ಮತ್ತು ಕರಿ (curry) ಮಸಾಲೆ ಪುಡಿ ಹಾಕಿದ ಪಿಜ್ಜಾ ಮಾಮೂಲು. ದ್ರಾಕ್ಷಿಯದನ್ನು ಫೆಬ್ರುವರಿ, ಮಾರ್ಚ್ ಹೊತ್ತಿಗೆ ವಿಜಯಪುರದ ಬೀಜವಿಲ್ಲದ ಕಪ್ಪು ದ್ರಾಕ್ಷಿ ಮಾರುಕಟ್ಟೆಗೆ ಬಂದಾಗ ಖಂಡಿತ ಮಾಡಿ ನೋಡಿ: ಟೊಮೆಟೊ ಬೇಡ, ಎಣ್ಣೆ ಸವರಿದ ಹಿಟ್ಟಿನ ಮೇಲೆ ಚೀಸ್, ಅರ್ಧಕ್ಕೆ ಸೀಳಿ ಒಳಮೈ ಮೇಲೆ ಮಾಡಿ ಇಟ್ಟ ದ್ರಾಕ್ಷಿ, ಜಜ್ಜಿದ ಸೋಂಪು, ಕಾಳುಮೆಣಸು, ಮೇಲೆ ಕಲ್ಲುಪ್ಪು. ನನಗೆ ಇದು ಅನಾನಸ್ ಪಿಜ್ಜಾಕ್ಕಿಂತ ಮೇಲು. ಮಾವಿನ ಕಾಲದಲ್ಲಿ ಬಾದಾಮಿ, ರಸಪುರಿಗಳನ್ನು ಹಾಗೇ ತಿನ್ನಿ. ಓವನ್‌ನಲ್ಲಿ ಅವು ಕರಗಿ ಹೋಗುತ್ತವೆ. ಅರೆಹಣ್ಣಾದ ತೋತಾಪುರಿ ಗಟ್ಟಿಯಾಗಿ ನಿಲ್ಲುತ್ತದೆ, ಹುಳಿಯೂ ಇರುತ್ತದೆ. ರಸ್ತೆ ಬದಿಯಲ್ಲಿ ಉಪ್ಪು, ಖಾರ ಸವರಿ ಕೊಡುವ ಹೋಳಿನ ರುಚಿ ಹಾಗೆಯೇ ಪಿಜ್ಜಾ ಮೇಲೆ ಬರುತ್ತದೆ.

ಹಣ್ಣೇ ಬೇಡ ಎನ್ನುವವರಿಗೆ ಖಾರದ ಜೇನು. ಅರ್ಧ ಬಟ್ಟಲು ಜೇನಿಗೆ ತರಿತರಿಯಾಗಿ ಕುಟ್ಟಿದ ಎರಡು ಚಮಚ ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ವಿನೆಗರ್ ಹಾಕಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಇಳಿಸಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಖಾರ ಬೇಕಾದವರು ಗುಂಟೂರು ಸೇರಿಸಬಹುದು. ಇದನ್ನು ಪಿಜ್ಜಾ ಹೊರಬಂದ ಮೇಲೆ ಸುರಿಯಬೇಕು. ಓವನ್‌ನೊಳಗೆ ಜೇನು ಬೇಗ ಕಪ್ಪಾಗುತ್ತದೆ. ಮೇಲೆ ಹೇಳಿದ ನಿಯಮದಂತೆ, ಜೇನು ಹಾಕಿದ ಪಿಜ್ಜಾಕ್ಕೆ ಹಣ್ಣು ಇಲ್ಲ. ಅಣಬೆ, ದೊಣ್ಣೆ ಮೆಣಸಿನಕಾಯಿ, ಉಪ್ಪಾದ ಚೀಸ್ ಇದ್ದರೆ ಸಾಕು.

ಓವನ್ ಇಲ್ಲದೆ ಕಾವಲಿಯ ಮೇಲೆ ಮಾಡಬಹುದೇ ಎಂದೂ ಕೇಳಿದ್ದೀರಿ. ಮಾಡಬಹುದು. ದಪ್ಪ ಕಬ್ಬಿಣದ ಕಾವಲಿಯಲ್ಲಿ ಹಿಟ್ಟಿನ ಒಂದು ಬದಿ ಪೂರ್ತಿ ಬೇಯಿಸಿ, ತಿರುವಿ, ಬೆಂದ ಬದಿಯ ಮೇಲೆ ಸಾಸ್, ಚೀಸ್, ಹಣ್ಣು ಹಾಕಿ ಸಣ್ಣ ಉರಿಯಲ್ಲಿ ಮುಚ್ಚಿ. ಮುಚ್ಚಳದ ಒಳಗೆ ಆವಿ ನೀರಾಗಿ ತೊಟ್ಟಿಕ್ಕುತ್ತದೆ, ಎರಡು ನಿಮಿಷಕ್ಕೊಮ್ಮೆ ತೆಗೆದು ಬಟ್ಟೆಯಿಂದ ಒರೆಸಬೇಕು. ಕಾವಲಿಯ ಪಿಜ್ಜಾದಲ್ಲಿ ಹಣ್ಣು ಮೇಲಿನಿಂದ ಒಣಗುವುದಿಲ್ಲ, ಆದ್ದರಿಂದ ಅಲ್ಲಿ ಚೆನ್ನಾಗಿ ಹುರಿದ ಅನಾನಸ್ ಅಥವಾ ಖಾರದ ಜೇನು ಮಾತ್ರ ಬಳಸಿ. ದ್ರಾಕ್ಷಿ ಮತ್ತು ಮಾವು ಓವನ್‌ಗೇ ಇರಲಿ.