ಹೆಸರು ಹೇಳದಿದ್ದರೆ ಸೇವೆ ಸಣ್ಣದಾಗುತ್ತದೆಯೇ?

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ನಮ್ಮ ಚರ್ಚಿನ ಕಸ ಗುಡಿಸಿ, ಜಮಖಾನೆ ಕೊಡವಿ ಹಾಸುತ್ತಿದ್ದೇನೆ. ಈ ಸಲದ ವಾರ್ಷಿಕೋತ್ಸವದ ವಂದನಾರ್ಪಣೆಯಲ್ಲಿ ನನ್ನ ಹೆಸರನ್ನೇ ಮರೆತರು. ಅಂದಿನಿಂದ ಮನಸ್ಸು ಕಹಿಯಾಗಿದೆ. ನನ್ನಲ್ಲಿ ದೀನತೆ ಇಲ್ಲವೇ, ವಿಶ್ವಾಸವೇ ಕುಂದಿತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ನೊಂದದ್ದು ತಪ್ಪಲ್ಲ. ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನೇ ಕೃತಜ್ಞತೆ ಹೇಳಲು ಹಿಂದಿರುಗಿ ಬಂದಾಗ, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸುಸ್ವಾಮಿಯೇ ಕೇಳಿದರು. ಲೂಕನ ಸುವಾರ್ತೆಯ ಅದೇ 17ನೇ ಅಧ್ಯಾಯದಲ್ಲಿ, ವಿಶ್ವಾಸವನ್ನು ಹೆಚ್ಚಿಸೆಂದು ಬೇಡಿದ ಶಿಷ್ಯರಿಗೆ ಅವರು ಸಾಸಿವೆ ಕಾಳಿನಷ್ಟು ವಿಶ್ವಾಸವಿದ್ದರೂ ಸಾಕೆಂಬ ಮಾತು ಹೇಳಿ, ಹಿಂದೆಯೇ ದಿನವಿಡೀ ಹೊಲ ಉತ್ತು ಬಂದು ವಂದನೆಯನ್ನು ನಿರೀಕ್ಷಿಸದೆ ಯಜಮಾನನಿಗೆ ಊಟ ಬಡಿಸುವ ಆಳಿನ ಕಥೆಯನ್ನೂ ಹೇಳುತ್ತಾರೆ. ವಿಶ್ವಾಸ ಕೇಳಿದವರಿಗೆ ದೀನತೆಯ ಪಾಠ ಸಿಕ್ಕಿತು. ಇದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯವನ್ನು ನಿಧಾನವಾಗಿ ಓದಿರಿ. ತಂದೆಯು ಸಮಸ್ತವನ್ನೂ ತಮ್ಮ ಕೈಗೆ ಕೊಟ್ಟಿದ್ದಾನೆ, ತಾವು ದೇವರ ಬಳಿಯಿಂದ ಬಂದು ದೇವರ ಬಳಿಗೇ ಹೋಗುವವರು ಎಂದು ತಿಳಿದೇ ಯೇಸು ಮೇಲುವಸ್ತ್ರ ತೆಗೆದಿಟ್ಟು, ನಡುವಿಗೆ ಅಂಗವಸ್ತ್ರ ಕಟ್ಟಿಕೊಂಡು, ಬೋಗುಣಿಗೆ ನೀರು ಹೊಯ್ದು ಶಿಷ್ಯರ ಕಾಲು ತೊಳೆದರು. ಆ ರಾತ್ರಿಯೇ ತಮ್ಮನ್ನು ಹಿಡಿದುಕೊಡಲಿದ್ದ ಯೂದನೂ ಅಲ್ಲಿದ್ದನು. ತಮ್ಮನ್ನು ಕೀಳೆಂದು ಎಣಿಸಿ ಅವರು ಬಾಗಲಿಲ್ಲ, ತಂದೆಯ ಮೇಲಣ ಭರವಸೆಯಿಂದ ಬಾಗಿದರು. ಆದ್ದರಿಂದ ನಿಮ್ಮನ್ನು ನೀವೇ ಹಳಿದುಕೊಳ್ಳುವುದನ್ನು ದೀನತೆ ಎಂದುಕೊಳ್ಳಬೇಡಿ.

ಸಭಾಪಾಲಕರ ಬಳಿ ನಿಮ್ಮ ನೋವನ್ನು ನೇರವಾಗಿ ಹೇಳಿ. ಮರೆತದ್ದು ಅವರ ಲೋಪವೇ. ಬರುವ ಶನಿವಾರ ಜಮಖಾನೆಯ ಇನ್ನೊಂದು ತುದಿ ಹಿಡಿಯಲು ಯುವಕರಲ್ಲಿ ಒಬ್ಬರನ್ನು ಕರೆಯಿರಿ.