ಎಚ್‌ಟಿಎಲ್‌ವಿ-1 ಅನ್ನೋ ವೈರಸ್ ಪಾಸಿಟಿವ್ ಬಂದಿದೆ. ಹೆಂಡತಿಗೆ ಹೇಳದೆ ಬೆಂಗಳೂರಿಗೆ ಹೋಗಿ ತೋರಿಸಿಕೊಳ್ಳಲಾ?

ಬೆಳಿಗ್ಗೆ ಎದ್ದರೆ ಕಾಲು ಕೊರಡಿನ ಹಾಗೆ ಬಿಗಿದಿರುತ್ತೆ, ಹೆಂಡತಿಗೆ ಏಳು ತಿಂಗಳು, ಇದು ಎಚ್‌ಐವಿ ಥರದ್ದೇ ಅಲ್ವಾ, ಬೆಳಗಾವಿಯಲ್ಲಿ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ಬರೆದಿದ್ದೀರಿ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಇಳಕಲ್ಲಿನ ನೇಕಾರ. ಕುಣಿ ಮಗ್ಗದಲ್ಲಿ ಕೂತು, ಕಾಲಲ್ಲಿ ತುಳಿಯುತ್ತಾ ಸೀರೆ ನೇಯೋದು ಅಪ್ಪನ ಕಾಲದಿಂದ ಬಂದ ಕೆಲಸ. 2014ರ ಮಳೆಗಾಲದಲ್ಲಿ ಬಲಗಾಲು ಮಾತು ಕೇಳದ ಹಾಗಾಯಿತು. ಕೈ ಲಾಳಿ ಎಸೆದು ಮುಗಿಸಿರುತ್ತಿತ್ತು, ಕಾಲು ಇನ್ನೂ ತುಳಿದಿರುತ್ತಿರಲಿಲ್ಲ. ನಡೆಯುವಾಗ ಬೆರಳು ನೆಲಕ್ಕೆ ಎಳೆಯುತ್ತಿತ್ತು. ಚಪ್ಪಲಿಯ ಮುಂದಿನ ತುದಿ ಸವೆದು ಹರಿಯುತ್ತಿತ್ತು, ಹಿಮ್ಮಡಿ ಕಡೆ ಮಾತ್ರ ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು. ಎಲ್ಲರೂ "ಮಗ್ಗದಾಗ ಕುಂತು ಕುಂತು ಸೊಂಟ ಹೋಗೇತಿ" ಅಂದರು. ನಾನೂ ನಂಬಿದೆ. ಎಣ್ಣೆ ತಿಕ್ಕಿಸಿಕೊಂಡೆ, ಬೆಲ್ಟ್ ಕಟ್ಟಿಕೊಂಡೆ.

ಅದೇ ಹೊತ್ತಿಗೆ ಇನ್ನೊಂದು ಶುರುವಾಗಿತ್ತು. ಮೂತ್ರ ಬಂತು ಅನ್ನಿಸಿದರೆ ತಡೆಯೋಕೆ ಆಗುತ್ತಿರಲಿಲ್ಲ. ಹೋಗಿ ನಿಂತರೆ ಪೂರ್ತಿ ಆಗುತ್ತಲೂ ಇರಲಿಲ್ಲ. ಬಾಗಲಕೋಟೆಗೆ ಬಸ್ಸಿನಲ್ಲಿ ಹೋಗಬೇಕಾದರೆ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ. ಮೂವತ್ತೆಂಟು ವರ್ಷದ ಗಂಡಸು, ಹೇಗೆ ಹೇಳೋದು?

ನನ್ನ ತಪ್ಪು ಇದೇ, ಇದನ್ನು ಬಿಡಿಸಿ ಹೇಳಲೇಬೇಕು. ಮೂಳೆ ಡಾಕ್ಟರು ಸೊಂಟದ ಎಂಆರ್‌ಐ ನೋಡಿ "ಡಿಸ್ಕ್ ಸ್ವಲ್ಪ ಉಬ್ಬಿದೆ" ಅಂದರು. ಆಮೇಲೆ ನೇರವಾಗಿ ಕೇಳಿದರು: "ಮೂತ್ರ, ಸಂಡಾಸ ಸರಿ ಇದೆಯಾ?" ಕೋಣೆಯಲ್ಲಿ ನರ್ಸಮ್ಮ ಇದ್ದರು, ಬಾಗಿಲ ಹತ್ತಿರ ನಮ್ಮೂರಿನವರೇ ಒಬ್ಬರು ನಿಂತಿದ್ದರು. "ಎಲ್ಲಾ ಸರಿ ಐತ್ರಿ" ಅಂದುಬಿಟ್ಟೆ. ಮೂರೇ ಶಬ್ದ. ನಿಜ ಹೇಳಿದ್ದರೆ, ಕಾಲು ಬಿಗಿಯಾಗಿ ಜೊತೆಗೆ ಮೂತ್ರದ ತೊಂದರೆಯೂ ಇದ್ದರೆ ಸೊಂಟಕ್ಕಿಂತ ಮೇಲೆ, ಎದೆಯ ಮಟ್ಟದ ಬೆನ್ನುಹುರಿಯನ್ನೂ ನೋಡಬೇಕು ಅಂತ ಡಾಕ್ಟರಿಗೆ ಹೊಳೆಯುತ್ತಿತ್ತು. ನಾನು ಹೇಳಲಿಲ್ಲ, ಅವರಿಗೆ ಹೊಳೆಯಲಿಲ್ಲ. ಕೂತು ಕೆಲಸ ಮಾಡುವ ಎಷ್ಟೋ ಜನರಿಗೆ ಡಿಸ್ಕ್ ಉಬ್ಬಿರುತ್ತೆ, ಕಾಲು ಬಿಗಿಯೋಕೆ ಅದೇ ಕಾರಣ ಆಗಬೇಕಿಲ್ಲ. 2016ರಲ್ಲಿ ಸೊಂಟದ ಆಪರೇಷನ್ ಆಯಿತು. ಒಂದು ಮಗ್ಗ ಮಾರಿದೆವು. ಆರು ತಿಂಗಳಲ್ಲಿ ಕೋಲು ಬಂತು. ಶುರುವಿನಲ್ಲೇ ಗೊತ್ತಾಗಿದ್ದರೆ ಉರಿಯೂತ ತಗ್ಗಿಸೋ ಸ್ಟೆರಾಯ್ಡ್ ಕೊಟ್ಟು ಒಂದಿಷ್ಟು ತಡೆಯಬಹುದಿತ್ತು. ಆ ಎರಡು ವರ್ಷ ನಾನೇ ಕಳೆದುಕೊಂಡದ್ದು.

2017ರಲ್ಲಿ ನರರೋಗದ ಡಾಕ್ಟರ ಹತ್ತಿರ ಹೋದಾಗ ಹೆಂಡತಿ ಜೊತೆಗಿದ್ದಳು. ಅದೇ ಪ್ರಶ್ನೆ ಬಂತು. ನಾನು ಬಾಯಿ ತೆರೆಯೋ ಮೊದಲೇ ಅವಳು "ರಾತ್ರಿ ಐದಾರ ಸರ್ತಿ ಏಳ್ತಾರ್ರಿ, ಅರಬಿ ತೊಯ್ತಾವು" ಅಂದಳು. ಅವಳ ಮೇಲೆ ಎಷ್ಟು ಸಿಟ್ಟು ಬಂತು! ಡಾಕ್ಟರು ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು, ಕಾಲು ಚಿಮ್ಮಿತು. ಅಂಗಾಲು ಗೀರಿದರು, ಹೆಬ್ಬೆರಳು ಮೇಲಕ್ಕೆ ಎದ್ದಿತು. ತೊಂದರೆ ಬೆನ್ನುಹುರಿಯಲ್ಲಿದೆ ಅನ್ನೋದಕ್ಕೆ ಅದು ಗುರುತಂತೆ. ಬೆನ್ನಿನಿಂದ ನೀರು ತೆಗೆದು, ರಕ್ತದ ಜೊತೆ ಪರೀಕ್ಷೆಗೆ ಕಳಿಸಿದರು. ಎರಡರಲ್ಲೂ ಎಚ್‌ಟಿಎಲ್‌ವಿ-1. ಬೆನ್ನುಹುರಿ ಕೆಡಿಸಿದ್ದು ಅದೇ ವೈರಸ್.

ಇದು ಎಚ್‌ಐವಿ ಅಲ್ಲ. ಎರಡೂ ರೆಟ್ರೊವೈರಸ್ ಅನ್ನೋ ಒಂದೇ ಜಾತಿಯವೇ, ಎರಡೂ ರಕ್ತದ ಬಿಳಿ ಕಣಗಳಾದ ಟಿ-ಕೋಶಗಳಿಗೇ ಹತ್ತುತ್ತವೆ. ಆದರೆ ಎಚ್‌ಐವಿ ಆ ಕೋಶಗಳನ್ನು ಕೊಲ್ಲುತ್ತದೆ, ಇದು ಅವನ್ನು ಬೆಳೆಸುತ್ತದೆ. 1986ರಲ್ಲಿ ಎಚ್‌ಐವಿ ಅಂತ ಹೆಸರಿಡೋ ಮೊದಲು ಅದನ್ನೂ ಎಚ್‌ಟಿಎಲ್‌ವಿ-3 ಅಂತ ಕರೆಯುತ್ತಿದ್ದರು, ಗೊಂದಲ ಅಲ್ಲಿಂದಲೂ ಬಂದಿರಬಹುದು. ನಮ್ಮ ಎಚ್‌ಟಿಎಲ್‌ವಿ-1 ಅಮೆರಿಕದಲ್ಲಿ ವಿಜ್ಞಾನಿ ರಾಬರ್ಟ್ ಗ್ಯಾಲೊ ಅವರ ಪ್ರಯೋಗಾಲಯದಲ್ಲಿ 1980ರಲ್ಲಿ ಸಿಕ್ಕ ವೈರಸ್. ಇದು ತರುವ ರಕ್ತದ ಕ್ಯಾನ್ಸರನ್ನು ಜಪಾನಿನ ವೈದ್ಯರು 1977ರಲ್ಲೇ ಗುರುತಿಸಿದ್ದರು. ಹೆದರಬೇಡಿ, ವೈರಸ್ ಇದ್ದ ನೂರರಲ್ಲಿ ಸುಮಾರು ಐದು ಜನರಿಗೆ ಮಾತ್ರ, ಅದೂ ಹತ್ತಾರು ವರ್ಷಗಳ ಮೇಲೆ, ಆ ಕ್ಯಾನ್ಸರ್ ಬರುತ್ತೆ. ಕುತ್ತಿಗೆ, ಕಂಕುಳಲ್ಲಿ ಗಂಟು, ಮಾಯದ ಚರ್ಮದ ಗಾಯ ಕಂಡರೆ ಮಾತ್ರ ತಡ ಮಾಡಬೇಡಿ. ನನ್ನ ಥರ ಕಾಲಿಗೆ ಬರೋದು ಇನ್ನೂ ಕಡಿಮೆ ಜನರಿಗೆ. ಹೆಚ್ಚಿನವರಿಗೆ ಜೀವನವಿಡೀ ಏನೂ ಆಗಲ್ಲ.

ನಮ್ಮವ್ವನೇ ಸಾಕ್ಷಿ. ಅವಳಿಗೂ ಪರೀಕ್ಷೆ ಮಾಡಿಸಿದೆವು, ಪಾಸಿಟಿವ್. ಎಪ್ಪತ್ತು ದಾಟಿದೆ, ಇವತ್ತಿಗೂ ಜೋಳದ ರೊಟ್ಟಿ ಬಡಿಯುತ್ತಾಳೆ. ಆದರೆ ಆ ದಿನ ಅವಳು ಕೇಳಿದ್ದು ನನ್ನ ಕಿವಿಯಿಂದ ಹೋಗಿಲ್ಲ. "ಮೂರು ವರ್ಷ ಹಾಲು ಕುಡಿಸೀನಿ ನಿನಗ. ಅದರಾಗಿತ್ತೇನಪಾ ಇದು?" ಹೌದು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅವಳ ಕೈ ಹಿಡಿದು ಕೂತೆ.

ಅದಕ್ಕೇ ಹೇಳ್ತಿದ್ದೀನಿ, ಬೆಳಗಾವಿಯಾ ಬೆಂಗಳೂರಾ ಅನ್ನೋದು ಪ್ರಶ್ನೆಯೇ ಅಲ್ಲ. ನರರೋಗದ ಡಾಕ್ಟರು ಬೆಳಗಾವಿಯಲ್ಲೂ ಇದ್ದಾರೆ. ಮನೆಯಲ್ಲಿ ಹೇಳಬೇಕಾ ಅನ್ನೋದಂತೂ ಪ್ರಶ್ನೆ ಆಗಲೇಬಾರದು. ಈ ವೈರಸ್ ಎದೆಹಾಲಿನಿಂದ, ಗಂಡ-ಹೆಂಡಿರ ಸಂಬಂಧದಿಂದ, ರಕ್ತದಿಂದ ಹರಡುತ್ತೆ. ಒಟ್ಟಿಗೆ ಉಣ್ಣೋದರಿಂದ, ಮುಟ್ಟೋದರಿಂದ ಬರಲ್ಲ. ನಮ್ಮ ರಕ್ತನಿಧಿಗಳು ಕಡ್ಡಾಯವಾಗಿ ಮಾಡೋ ಪರೀಕ್ಷೆಗಳಲ್ಲಿ ಇದು ಇಲ್ಲ, ಹಾಗಾಗಿ ನೀವು ಇನ್ನು ಮೇಲೆ ರಕ್ತ ಕೊಡಬೇಡಿ. ನಿಮ್ಮದು ಎಲಿಸಾ ಅನ್ನೋ ಮೊದಲ ಹಂತದ ರಕ್ತಪರೀಕ್ಷೆಯ ರಿಪೋರ್ಟ್ ಮಾತ್ರ ಆಗಿದ್ದರೆ ವೆಸ್ಟರ್ನ್ ಬ್ಲಾಟ್ ಅಥವಾ ಪಿಸಿಆರ್ ಅನ್ನೋ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಿ. ಸ್ಟೆರಾಯ್ಡ್ ಶುರು ಮಾಡೋ ಮೊದಲು ಸ್ಟ್ರಾಂಜಿಲಾಯ್ಡಿಸ್ ಅನ್ನೋ ಕರುಳಿನ ಹುಳುವಿನ ಪರೀಕ್ಷೆ ಮಾಡಿ ಅಂತ ನೀವೇ ಕೇಳಿ. ಬರಿಗಾಲಲ್ಲಿ ಹೊಲದಲ್ಲಿ ಓಡಾಡಿದವರಿಗೆ ಅದು ಮಣ್ಣಿನಿಂದ ಹತ್ತಿರಬಹುದು. ಈ ವೈರಸ್ ಇದ್ದವರಲ್ಲಿ ಅದು ಸುಲಭಕ್ಕೆ ಹೋಗಲ್ಲ, ಸ್ಟೆರಾಯ್ಡ್ ಬಿದ್ದರೆ ಮೈಯೆಲ್ಲ ಹರಡಿ ಪ್ರಾಣಕ್ಕೆ ಬರುತ್ತೆ.

ವೈರಸ್ ಹೊರಹಾಕೋ ಔಷಧ ಇಲ್ಲ. ನಾನು ಬಿಗಿತಕ್ಕೆ ಬ್ಯಾಕ್ಲೊಫೆನ್ ತಗೊಳ್ತೀನಿ, ದಿನಾ ವ್ಯಾಯಾಮ ಮಾಡ್ತೀನಿ. ಹೆಂಡತಿಗೆ ನೆಗೆಟಿವ್ ಬಂತು. ಈಗ ಮಗ್ಗದಲ್ಲಿ ಅವಳು ಕೂರುತ್ತಾಳೆ, ನಾನು ಪಕ್ಕದಲ್ಲಿ ಕಂಡಿಕೆ ಸುತ್ತುತ್ತೇನೆ.

ನಿಮ್ಮ ಹೆಂಡತಿಗೆ ಇವತ್ತೇ ಹೇಳಿ, ಹೆರಿಗೆಗೆ ಮೊದಲೇ ಅವರ ರಕ್ತ ಪರೀಕ್ಷೆ ಆಗಲಿ. ನೆಗೆಟಿವ್ ಬಂದರೆ ನಿಶ್ಚಿಂತೆಯಿಂದ ಹಾಲೂಡಿಸಲಿ, ನಿಮ್ಮಿಂದ ಹತ್ತದ ಹಾಗೆ ಕಾಂಡೋಮ್ ಬಳಸಿ. ಪಾಸಿಟಿವ್ ಬಂದರೂ ದಾರಿ ಇದೆ. ಜಪಾನಿನ ನಾಗಸಾಕಿಯಲ್ಲಿ 1987ರಿಂದ ಅಂಥ ತಾಯಂದಿರಿಗೆ ಎದೆಹಾಲಿನ ಬದಲು ಬೇರೆ ಹಾಲು ಕೊಡಿ ಅಂತ ಹೇಳುತ್ತಾ ಬಂದರು. ನೂರು ಮಕ್ಕಳಲ್ಲಿ ಸುಮಾರು ಇಪ್ಪತ್ತು ಮಕ್ಕಳಿಗೆ ಹತ್ತುತ್ತಿದ್ದದ್ದು ಎರಡು ಮೂರಕ್ಕೆ ಇಳಿಯಿತು. ನಿಮ್ಮ ಮಗು ಹುಟ್ಟೋಕೆ ಇನ್ನೂ ಎರಡು ತಿಂಗಳಿದೆ. ನಮ್ಮವ್ವನಿಗೆ ಆ ಎರಡು ತಿಂಗಳು ಸಿಕ್ಕಿರಲಿಲ್ಲ.